ಯೂರೋಪ್ ಟೂರ್‌ನಲ್ಲಿ ಒಂದು ದಿನ ಕೊಲ್ಮಾರ್‌ಗೆ ಎತ್ತಿಡಿ

ಯೂರೋಪ್ ಟೂರ್ ಬುಕ್ ಮಾಡಿದ ಗೆಳೆಯರು ಕೇಳುತ್ತಿರುತ್ತಾರೆ, ಪ್ಯಾರಿಸ್‌ನಲ್ಲಿ ಲೂವ್ರ್ ನೋಡಲೇಬೇಕಾ ಅಂತ. ಖಂಡಿತ ನೋಡಿ. ಆದರೆ ಮೋನಾಲಿಸಾ ಮುಂದೆ ನಿಮಗೆ ಸಿಗುವುದು ಅರ್ಧ ನಿಮಿಷ. 77 ಸೆಂಟಿಮೀಟರ್ ಎತ್ತರದ ಚಿತ್ರ, ಅದರ ಮುಂದೆ ಗಾಜು, ಗಾಜಿನ ಮುಂದೆ ನೂರಾರು ಮೊಬೈಲು. ಎದುರು ಗೋಡೆಯಲ್ಲಿ ವೆರೊನೀಸ್ ಬರೆದ ಮದುವೆ ಊಟದ ಚಿತ್ರವಿದೆ, ಸುಮಾರು 10 ಮೀಟರ್ ಅಗಲ. ಆ ಮ್ಯೂಸಿಯಂನ ಅತಿ ದೊಡ್ಡ ಚಿತ್ರ ಅದು. ಹೆಚ್ಚಿನವರು ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ. ಅಂದು ನಾನೂ ಹಾಗೇ ನಿಂತಿದ್ದೆ, ಈಗ ನೆನೆದರೆ ಸಂಕಟವಾಗುತ್ತದೆ.

ಅದಕ್ಕೇ ಈಗ ಯಾರೇ ಕೇಳಲಿ, ಒಂದೇ ಮಾತು ಹೇಳುತ್ತೇನೆ. ಹತ್ತು ಮ್ಯೂಸಿಯಂ ಓಡಬೇಡಿ. ಒಂದು ಚಿತ್ರಕ್ಕೆ ಅಂತಲೇ ಒಂದು ಊರಿಗೆ ಹೋಗಿ.

ನನಗೆ ಅಂಥ ಊರು ಕೊಲ್ಮಾರ್. ಫ್ರಾನ್ಸ್‌ನ ಅಲ್ಸಾಸ್ ಸೀಮೆಯಲ್ಲಿ, ಸ್ಟ್ರಾಸ್‌ಬರ್ಗ್‌ನಿಂದ ರೈಲಲ್ಲಿ ಅರ್ಧ ಗಂಟೆ. ತಮ್ಮ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಗೆ ಹೋದಾಗ ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಅಲ್ಲಿ ಉಂಟರ್‌ಲಿಂಡನ್ ಅನ್ನುವ ಮ್ಯೂಸಿಯಂ ಇದೆ. ಮೊದಲು ಅದು ಕ್ರೈಸ್ತ ಸನ್ಯಾಸಿನಿಯರ ಮಠ. ಅದರೊಳಗಿವೆ ಹತ್ತಿರದ ಇಸೆನ್‌ಹೈಮ್ ಎಂಬ ಹಳ್ಳಿಯ ಮಠದ ಬಲಿಪೀಠದ, ಅಂದರೆ ಪೂಜೆಯ ವೇದಿಕೆಯ, ಚಿತ್ರಗಳು. 1512ರಿಂದ 1516ರೊಳಗೆ ಮಥಿಯಾಸ್ ಗ್ರೂನೆವಾಲ್ಡ್ ಬರೆದದ್ದು.

ಇದನ್ನು ಬರೆಸಿದ್ದು ಯಾರಿಗಾಗಿ ಗೊತ್ತಾ? ರೋಗಿಗಳಿಗಾಗಿ. ಇಸೆನ್‌ಹೈಮ್‌ನ ಸಂತ ಅಂತೋನಿ ಮಠದವರು ಒಂದು ಆಸ್ಪತ್ರೆ ನಡೆಸುತ್ತಿದ್ದರು. ಆ ಕಾಲದ ಬಡವರ ರೊಟ್ಟಿ ರೈ ಎಂಬ ಧಾನ್ಯದ್ದು. ಮಳೆ, ಥಂಡಿ ಜಾಸ್ತಿಯಾದ ವರ್ಷ ಅದರ ತೆನೆಗೆ ಎರ್ಗಾಟ್ ಎಂಬ ಶಿಲೀಂಧ್ರ ಹತ್ತುತ್ತಿತ್ತು. ನಮ್ಮ ಕಡೆ ಸಜ್ಜೆಗೂ ಎರ್ಗಾಟ್ ರೋಗ ಬರುತ್ತದಲ್ಲ, ಅದೇ ಜಾತಿಯದು. ಆ ಹಿಟ್ಟಿನ ರೊಟ್ಟಿ ತಿಂದವರಿಗೆ ಮೈಯೆಲ್ಲಾ ಬೆಂಕಿ ಬಿದ್ದಂಥ ಉರಿ. ಕೈಕಾಲು ಸೆಟೆದುಕೊಳ್ಳುತ್ತಿದ್ದವು, ಕಪ್ಪಾಗಿ ಕೊಳೆಯುತ್ತಿದ್ದವು. ಕೊನೆಗೆ ಕಡಿದೇ ತೆಗೆಯಬೇಕಾಗುತ್ತಿತ್ತು. ಜನ ಇದನ್ನು ಸಂತ ಅಂತೋನಿಯ ಬೆಂಕಿ ಅನ್ನುತ್ತಿದ್ದರು. ಅಂಥವರನ್ನು ಕರೆತಂದು ಈ ಚಿತ್ರದ ಮುಂದೆ ಕೂರಿಸುತ್ತಿದ್ದರಂತೆ.

ಮಧ್ಯದ ಚಿತ್ರ ಶಿಲುಬೆಯ ಮೇಲಿನ ಯೇಸು. ಮೂರು ಮೀಟರ್ ಅಗಲ. ಬೇರೆ ಕಡೆ ನೋಡಿದ ಯೇಸುವಿನ ಮುಖದಲ್ಲಿ ಒಂದು ಶಾಂತಿ ಇರುತ್ತದೆ. ಇಲ್ಲಿ ಅದಿಲ್ಲ. ಮೈತುಂಬ ಹುಣ್ಣು, ಚರ್ಮಕ್ಕೆ ಹಸಿರು ಛಾಯೆ, ಚುಚ್ಚಿಕೊಂಡು ಹಾಗೇ ಉಳಿದ ಮುಳ್ಳುಗಳು. ತುಟಿ ನೀಲಿಗಟ್ಟಿದೆ. ಭಾರಕ್ಕೆ ಶಿಲುಬೆಯ ಅಡ್ಡಮರವೇ ಬಾಗಿದೆ. ಅವ್ವ ಬಹಳ ಹೊತ್ತು ಸುಮ್ನೆ ನಿಂತಿದ್ದಳು. ಆಮೇಲೆ ಅಂದಳು, "ಆ ಕೈಬೆರಳು ನೋಡು, ಹೆಂಗ ಸೆಟದಾವ." ನಾನು ಬೆರಳು ಗಮನಿಸಿರಲೇ ಇಲ್ಲ. ಹತ್ತೂ ಬೆರಳು ಮೇಲಕ್ಕೆ ಚಾಚಿಕೊಂಡು, ಒಂದೊಂದೂ ಒಂದೊಂದು ಕಡೆ ತಿರುಚಿಕೊಂಡಿದ್ದವು.

ಇನ್ನೊಂದು ವಿಷಯ. ಇದು ಬಾಗಿಲುಗಳಂತೆ ತೆರೆಯುವ ಚಿತ್ರ. ಎರಡು ಬಾಗಿಲು ಸೇರುವ ಗೆರೆ ಯೇಸುವಿನ ಮೈಯ ಮಧ್ಯಕ್ಕಿಲ್ಲ, ಸ್ವಲ್ಪ ಪಕ್ಕಕ್ಕಿದೆ. ಹಾಗಾಗಿ ಬಾಗಿಲು ತೆರೆದರೆ ಒಂದು ತೋಳು ಮೈಯಿಂದ ಬೇರೆಯಾಗುತ್ತದೆ. ಕೆಳಗಿನ ಹಲಗೆ ಸರಿಸಿದರೆ ಕಾಲು ಬೇರೆಯಾಗುತ್ತದೆ. ಕೈಯೋ ಕಾಲೋ ಕಳೆದುಕೊಂಡ ರೋಗಿ ಎದುರಿಗೆ ಕೂತು ಅದನ್ನು ನೋಡಿದಾಗ ಅವನಿಗೆ ಏನನಿಸಿರಬೇಕು! ಒಳಗಡೆಯ ಚಿತ್ರದಲ್ಲಿ ಅದೇ ಯೇಸು ಸಮಾಧಿಯಿಂದ ಏಳುತ್ತಾನೆ. ಹಿಂದೆ ಸೂರ್ಯನಂಥ ಹಳದಿ ಕೆಂಪು ಬೆಳಕು. ಹುಣ್ಣೆಲ್ಲ ಮಾಯವಾಗಿದೆ, ಉಳಿದಿರುವುದು ಮೊಳೆಯ ಮತ್ತು ಈಟಿಯ ಗುರುತು ಮಾತ್ರ. ಈಗ ಹಲಗೆಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿದ್ದಾರೆ. ಸುತ್ತು ಹಾಕಿ ಎಲ್ಲವನ್ನೂ ನೋಡಬಹುದು. ಮೂಲೆಯೊಂದರಲ್ಲಿ ಹೊಟ್ಟೆ ಉಬ್ಬಿ, ಮೈತುಂಬ ಹುಣ್ಣಾಗಿ ಬಿದ್ದಿರುವ ಒಂದು ಜೀವವಿದೆ. ಅದನ್ನು ತಪ್ಪದೆ ಹುಡುಕಿ. ನಾವಲ್ಲಿ ಎರಡು ಗಂಟೆ ಇದ್ದೆವು. ಯಾರೂ ಮುಂದೆ ಹೋಗಿ ಅನ್ನಲಿಲ್ಲ.

ಕೊಲ್ಮಾರ್ ನಿಮ್ಮ ದಾರಿಯಲ್ಲಿ ಇಲ್ಲದಿದ್ದರೆ ಇಟಲಿಯ ಪದುವಾಕ್ಕೆ ಹೋಗಿ. ಅಲ್ಲಿನ ಸ್ಕ್ರೊವೆನ್ಯಿ ಚಾಪೆಲ್‌ನಲ್ಲಿ ಜೊತ್ತೊ 1305ರ ಸುಮಾರಿಗೆ ಬರೆದ ಗೋಡೆ ಚಿತ್ರಗಳಿವೆ. ಒಳಗಿನ ಗಾಳಿ ಕೆಡದಿರಲಿ ಅಂತ ಮೊದಲು ಒಂದು ಗಾಜಿನ ಕೋಣೆಯಲ್ಲಿ ಕೂರಿಸುತ್ತಾರೆ, ಆಮೇಲೆ ಒಳಗೆ ಬಿಡುವುದು 15 ನಿಮಿಷ. ಮುಂಗಡ ಟಿಕೆಟ್ ಬೇಕೇ ಬೇಕು. ನೆದರ್‌ಲ್ಯಾಂಡ್ಸ್‌ಗೆ ಹೋಗುವವರು ಆಮ್‌ಸ್ಟರ್‌ಡ್ಯಾಮ್‌ನ ವ್ಯಾನ್ ಗೋ ಮ್ಯೂಸಿಯಂ ಜೊತೆಗೆ ಓಟರ್ಲೋದ ಕ್ರೋಲರ್-ಮ್ಯೂಲರ್‌ಗೂ ಹೋಗಬೇಕು. ಕಾಡಿನ ನಡುವೆ ಇದೆ. ಅಲ್ಲಿ ಪುಕ್ಕಟೆ ಸಿಗುವ ಬಿಳಿ ಸೈಕಲ್ ಹತ್ತಿ ಹೋದರೆ ವ್ಯಾನ್ ಗೋನ ಹತ್ತಿರ ಹತ್ತಿರ 90 ಚಿತ್ರಗಳು. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿ ದಿನದ ಕೊನೆಯ ಎರಡು ಗಂಟೆ ಪುಕ್ಕಟೆ ಒಳಗೆ ಬಿಡುತ್ತಾರೆ.

ಉಂಟರ್‌ಲಿಂಡನ್‌ಗೆ ಮಂಗಳವಾರ ರಜೆ, ನೆನಪಿರಲಿ.

ವಾಪಸ್ ಬರುವಾಗ ರೈಲಲ್ಲಿ ಅವ್ವ ಕೇಳಿದಳು, "ಅವರಿಗೆ ಆರಾಮ ಆತೇನು?" ಮಠದಲ್ಲಿ ರೋಗಿಗಳಿಗೆ ಒಳ್ಳೆಯ ಗೋಧಿಯ ರೊಟ್ಟಿ ಕೊಡುತ್ತಿದ್ದರು, ಕೆಟ್ಟ ಹಿಟ್ಟು ಹೊಟ್ಟೆಗೆ ಹೋಗುವುದು ನಿಂತು ಎಷ್ಟೋ ಜನ ಚೇತರಿಸಿಕೊಂಡಿರಬೇಕು ಅಂದೆ. ರೋಗ ರೊಟ್ಟಿಯಿಂದಲೇ ಬರುತ್ತಿತ್ತು ಅಂತ ಆಗ ಅವರಿಗೆ ಗೊತ್ತಿರಲಿಲ್ಲ ಅಂತಲೂ ಹೇಳಿದೆ. ಅವ್ವ ಕಿಟಕಿ ಕಡೆ ತಿರುಗಿ ತನ್ನ ಬೆರಳು ಒತ್ತಿಕೊಳ್ಳುತ್ತಾ ಕೂತಳು.