ಮೌಸ್ ಮುಟ್ಟದ ತರಬೇತಿ

ಈಗಷ್ಟೇ ತರಬೇತಿ ಮುಗಿಸಿ ಬಂದೆ. ಕಾಫಿ ಆಮೇಲೆ, ಮೊದಲು ಇದನ್ನು ಬರೆದುಬಿಡುತ್ತೇನೆ.

ವಿಷಯ ಗಣಿತ ಬೋಧನೆಯಲ್ಲಿ ತಂತ್ರಜ್ಞಾನ. ನಲವತ್ತು ಜನ ಗಣಿತ ಶಿಕ್ಷಕರು, ಒಂದು ಲ್ಯಾಪ್‌ಟಾಪ್. ಆಕೃತಿ, ನಕ್ಷೆಗಳನ್ನು ಎಳೆದು ಬದಲಿಸಿ ನೋಡುವ ತಂತ್ರಾಂಶ ಜಿಯೋಜಿಬ್ರಾ ತೋರಿಸುತ್ತಾರೆ ಅಂತ ಕೂತರೆ, ಜಿಯೋಜಿಬ್ರಾ ಬಗ್ಗೆ ಪಿಪಿಟಿ ತೋರಿಸಿದರು! 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಶುರು ಮಾಡಿದ್ದು, ದುಡ್ಡು ಕೊಡದೆ ಬಳಸಬಹುದು ಅಂತೆಲ್ಲ ನೋಟ್ಸ್ ಬರೆದುಕೊಂಡೆವು. ತ್ರಿಭುಜದ ಚಿತ್ರವೂ ಬಂತು. ಅಲ್ಲಾಡಲಿಲ್ಲ. ಎಳೆದರೆ ಅಲ್ಲಾಡಲಿ ಅಂತಲೇ ಅಲ್ವಾ ಆ ತಂತ್ರಾಂಶ ಇರುವುದು? ಸಂಜೆ ಗ್ರೂಪ್ ಫೋಟೊ ಆಯಿತು. ಮೌಸ್ ಮಾತ್ರ ಒಬ್ಬರ ಕೈಗೂ ಬರಲಿಲ್ಲ.

"ಹಳೇ ಮೇಷ್ಟ್ರುಗಳಿಗೆ ಕಂಪ್ಯೂಟರ್ ಬರಲ್ಲ ಮೇಡಂ" ಅಂದರು ತರಬೇತಿ ಕೊಟ್ಟವರು, ಊಟದ ಹೊತ್ತಲ್ಲಿ. ಬರಲ್ವಾ? ಶಿಕ್ಷಣ ಇಲಾಖೆಯ ಎಸ್‌ಎಟಿಎಸ್ ಜಾಲತಾಣದಲ್ಲಿ ಮಕ್ಕಳ ವಿವರ ತುಂಬುವವರು ಯಾರು? ಎಕ್ಸೆಲ್‌ನಲ್ಲಿ ಫಲಿತಾಂಶ ಕೂಡಿಸಿ ಕಳಿಸುವವರು? ಲೆಕ್ಕ ಒಪ್ಪಿಸೋಕೆ ನಮಗೆ ಕಂಪ್ಯೂಟರ್ ಬರುತ್ತೆ. ಲೆಕ್ಕ ಹೇಳಿಕೊಡೋಕೆ ಮಾತ್ರ ಬರಲ್ಲವಂತೆ.

ನಾನೇನೂ ಸಾಚಾ ಅಲ್ಲ. ಕಳೆದ ವರ್ಷದ ಆನ್‌ಲೈನ್ ಕೋರ್ಸನ್ನು ಮೊಬೈಲ್ ಹಿಟ್ಟಿನ ಡಬ್ಬಕ್ಕೆ ಒರಗಿಸಿ, ಚಪಾತಿ ಲಟ್ಟಿಸುತ್ತಾ ಮುಗಿಸಿದ್ದೆ. ಸರ್ಟಿಫಿಕೇಟ್ ಬಂತು. ಚಪಾತಿಯೂ ದುಂಡಗೆ ಬಂದಿತ್ತು.

ನಾನು ಜಿಯೋಜಿಬ್ರಾ ಕಲಿತದ್ದು ಇದಕ್ಕೂ ಮೊದಲೇ, ಮಗಳ ಹತ್ತಿರ, ಒಂದು ಭಾನುವಾರ. ಮರುದಿನವೇ ಹತ್ತನೇ ಕ್ಲಾಸಿನಲ್ಲಿ ವರ್ಗ ಬಹುಪದೋಕ್ತಿಯ (ax² + bx + c) ನಕ್ಷೆ ತೆಗೆದು, ಸ್ಥಿರಾಂಕ c ಬೆಲೆಯನ್ನು ಎಳೆದು ಬದಲಿಸುವ ಸ್ಲೈಡರ್ ಇಟ್ಟು ಹುಡುಗರ ಕೈಗೇ ಕೊಟ್ಟೆ. ಎಳೆದ ಹಾಗೆಲ್ಲ ಆ ಬಟ್ಟಲಿನಾಕಾರದ ನಕ್ಷೆ, ಅಂದರೆ ಪರವಲಯ, ಮೇಲೇರಿತು. ಅಡ್ಡ ಅಕ್ಷವನ್ನು ಎರಡು ಕಡೆ ಕತ್ತರಿಸುತ್ತಿದ್ದದ್ದು (ಅಲ್ಲಿನ x ಬೆಲೆಗಳೇ ಶೂನ್ಯತೆಗಳು) ಒಂದೇ ಕಡೆ ತಾಗಿತು, ಆಮೇಲೆ ಬಿಟ್ಟೇ ಹೋಯಿತು. ವರ್ಷವಿಡೀ ಬಾಯಿ ಬಿಡದ ಹಿಂದಿನ ಬೆಂಚಿನವನು, "ಮಿಸ್, ಶೂನ್ಯತೆಗಳು ಎಲ್ಲಿಗೆ ಹೋದ್ವು?" ಅಂದ. ಶೋಧಕ (b² − 4ac) ಋಣವಾದರೆ ವಾಸ್ತವ ಮೂಲಗಳಿಲ್ಲ, ಅಂದರೆ ಶೂನ್ಯತೆಗಳಿಲ್ಲ ಅಂತ ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಎಲ್ಲಿಗೆ ಹೋದವು ಅಂತ ಒಬ್ಬರೂ ಕೇಳಿರಲಿಲ್ಲ.

ಸೀಮೆಸುಣ್ಣ ಸಾಕು ಅನ್ನುವವರಿದ್ದಾರೆ. ಭಾಗಾಕಾರಕ್ಕೆ ಸಾಕು, ಒಪ್ಪಿದೆ. ಕೈವಾರವಿಲ್ಲದೆ ವೃತ್ತ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲಿ ಇಲ್ಲ (ಇದ್ದರೆ ಕಾಮೆಂಟಿನಲ್ಲಿ ಹೇಳಿ, ನೋಡೇಬಿಡೋಣ). ಆದರೆ ನನ್ನ ಆ ಚೆಂದದ ವೃತ್ತವನ್ನು ಯಾವ ಹುಡುಗನೂ ಎಳೆದು ನೋಡೋಕೆ ಆಗಲ್ಲ.

ಗ್ರೂಪಿನಲ್ಲಿ ಈಗ ಫೀಡ್‌ಬ್ಯಾಕ್ ಫಾರ್ಮ್ ಬಂದಿದೆ. "ಪ್ರಾಯೋಗಿಕವಾಗಿ ಕಲಿತಿರಾ?" ಅಂತ ಕೇಳಿದ್ದಾರೆ. ಇರುವ ಆಯ್ಕೆ ಎರಡೇ: "ಹೌದು", "ತುಂಬಾ ಹೌದು". ಸುಮ್ನೆ ಮೊದಲನೆಯದನ್ನು ಒತ್ತಿ ಕಳಿಸಿದೆ.