ಕಾಲಿನ ನ್ಯೂಕ್ಲಿಯರ್ ಸ್ಕ್ಯಾನ್: ಒಂದು ಸ್ಪಷ್ಟನೆ

ಕೋಲಾರದ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿಸಿದರೆ ಕಾಲಿನ ರಕ್ತನಾಳದ ಬ್ಲಾಕ್ ಕರಗುತ್ತದೆ, ಆದರೆ ವಿಕಿರಣ ವರ್ಷಗಟ್ಟಲೆ ಮೈಯಲ್ಲೇ ಉಳಿಯುತ್ತದೆ. ಎರಡೂ ಸುಳ್ಳು.

ಸ್ಕ್ಯಾನ್ ಏನನ್ನೂ ಕರಗಿಸುವುದಿಲ್ಲ, ಸುಮ್ನೆ ತೋರಿಸುತ್ತದೆ. ಇಂಜೆಕ್ಷನ್‌ನಲ್ಲಿ ಕೊಡುವ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಸೂಸುವ ಔಷಧ, ರಕ್ತ ಜಾಸ್ತಿ ಹರಿಯುವ ಸ್ನಾಯುವಿಗೆ ಜಾಸ್ತಿ ಸೇರುತ್ತದೆ. ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಆ ವಿಕಿರಣ 6 ಗಂಟೆಗೊಮ್ಮೆ ಅರ್ಧವಾಗುತ್ತದೆ. ಎರಡು ದಿನ ಕಳೆದರೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ.

ಅಷ್ಟಕ್ಕೂ, ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವ ನೋವಿಗೆ ಮೊದಲ ಪರೀಕ್ಷೆ ಇದಲ್ಲ. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುತ್ತಾರೆ. 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿರುವ ಸೂಚನೆ. ಸೂಜಿಯೂ ಬೇಡ. ಆದರೆ ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಈ ಲೆಕ್ಕ ತಪ್ಪಬಹುದು. ಆಗ ಕಾಲಿನ ಹೆಬ್ಬೆರಳಿನ ಬಿಪಿ ನೋಡುತ್ತಾರೆ.