ವೀಲ್ ಅಗಲ ಮಾಡುವ ಮುನ್ನ ಬಂಪ್ ಸ್ಟಾಪ್ ನೋಡಿ

"ಕಾರಿನ ಎತ್ತರ ಇಳಿಸಿದ್ದೀನಿ, ಎಷ್ಟು ಅಗಲದ ವೀಲ್ ಹಿಡಿಸುತ್ತೆ?" ಈ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ಮುಕ್ಕಾಲು ಪಾಲು "ನನ್ನದಕ್ಕೆ 9 ಇಂಚು ಕೂತಿದೆ, ಏನೂ ತೊಂದರೆ ಇಲ್ಲ" ಅನ್ನುವ ಥರದವು. ಆ ಮನುಷ್ಯನ ಕಾರಿನ ಕ್ಯಾಂಬರ್ (ಮುಂದಿನಿಂದ ನೋಡಿದಾಗ ವೀಲ್ ವಾಲಿರುವ ಕೋನ) ಎಷ್ಟು, ಸ್ಪ್ರಿಂಗ್ ಎಷ್ಟು ಗಡಸು, ಟೈರು ಯಾವ ಕಂಪನಿಯದು, ಹಿಂದಿನ ಸೀಟಿನಲ್ಲಿ ಯಾರಾದರೂ ಕೂರುತ್ತಾರಾ, ಇದ್ಯಾವುದೂ ಗೊತ್ತಿಲ್ಲದೆ ಆ ಅಂಕಿ ನಂಬಿ ವೀಲ್ ತರಿಸುವುದು ಬೇರೆಯವರ ಕನ್ನಡಕ ಹಾಕಿಕೊಂಡು ಓದಿದ ಹಾಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅಗಲ ಟೈರು ಮತ್ತು ತಗ್ಗಿದ ಎತ್ತರ ಎರಡೂ ಕೇಳುವುದು ಫೆಂಡರ್ (ವೀಲ್ ಮುಚ್ಚುವ ತಗಡು) ಒಳಗಿನ ಅದೇ ಜಾಗವನ್ನು. ಎರಡರಲ್ಲಿ ಒಂದರ ಜೊತೆ ರಾಜಿ ಆಗಲೇಬೇಕು ಅಂದಾಗ ಎತ್ತರದ ಜೊತೆ ಆಗಿ. ಕಾರನ್ನು 10 ಮಿ.ಮೀ. ಮೇಲೆತ್ತಿದರೆ ಫೋಟೊ ಸ್ವಲ್ಪ ಸಪ್ಪೆಯಾಗಬಹುದು, ಆದರೆ ತಿರುವಿನ ಮಧ್ಯೆ ಟೈರು ಫೆಂಡರಿಗೆ ಕಚ್ಚಿಕೊಳ್ಳುವುದಿಲ್ಲ.

ಲೆಕ್ಕದಿಂದ ಶುರು ಮಾಡೋಣ. ವೀಲ್ ಮೇಲೆ 8ಜೆ ಎಂದಿದ್ದರೆ ಅದು ಟೈರಿನ ಬೀಡ್ (ರಿಮ್ ಹಿಡಿಯುವ ಒಳ ಅಂಚು) ಕೂರುವ ಎರಡು ಅಂಚುಗಳ ನಡುವಿನ ಅಳತೆ, ಇಂಚಿನಲ್ಲಿ. ತುದಿಯಿಂದ ತುದಿಗೆ ಅಳೆದರೆ ಸುಮಾರು ಒಂದು ಇಂಚು ಜಾಸ್ತಿ ಇರುತ್ತದೆ. ಆಫ್‌ಸೆಟ್, ಅಂದರೆ ಇಟಿ ಸಂಖ್ಯೆ, ವೀಲಿನ ನಡುಗೆರೆಗೂ ಹಬ್‌ಗೆ (ವೀಲನ್ನು ಬೋಲ್ಟ್ ಮಾಡುವ ನಡುಭಾಗ) ತಾಗುವ ಮುಖಕ್ಕೂ ಇರುವ ದೂರ. ಇಟಿ ಹೆಚ್ಚಾದರೆ ವೀಲ್ ಒಳಗೆ ಹೋಗುತ್ತದೆ, ಕಡಿಮೆಯಾದರೆ ಹೊರಗೆ ಬರುತ್ತದೆ. ಈಗಿರುವುದು 8ಜೆ ಇಟಿ 45, ಬೇಕಿರುವುದು 9ಜೆ ಅಂದುಕೊಳ್ಳಿ. ಒಂದು ಇಂಚು ಅಗಲವಾದರೆ ಎರಡೂ ಕಡೆ 12.7 ಮಿ.ಮೀ. ಬೆಳೆಯುತ್ತದೆ. ಇಟಿ 45ನ್ನೇ ಉಳಿಸಿಕೊಂಡರೆ ಒಳಗೆ 12.7, ಹೊರಗೆ 12.7. ಇಟಿ 35 ತೆಗೆದುಕೊಂಡರೆ ಒಳಗೆ ಬರೀ 2.7, ಹೊರಗೆ 22.7. ಇಟಿ 38 ಆದರೆ ಒಳಗೆ 5.7, ಹೊರಗೆ 19.7. ಇಷ್ಟು ಕೂಡಿ ಕಳೆಯದೆ ಬರೀ ಅಗಲ ಕೇಳಿ ವೀಲ್ ಕೊಳ್ಳುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ.

ಈಗ ಒಳಗಡೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್, ಒಂದೇ ಕಂಬವಾಗಿರುವ ಸಸ್ಪೆನ್ಷನ್) ಇದ್ದರೆ ಒಂದು ಅನುಕೂಲ ಉಂಟು: ಸ್ಟ್ರಟ್ ಮತ್ತು ನಕಲ್ (ಹಬ್ ಹೊತ್ತಿರುವ ಲೋಹದ ಭಾಗ) ಬಿಗಿಯಾಗಿ ಜೋಡಿಸಿರುವುದರಿಂದ ಟೈರಿಗೂ ಸ್ಟ್ರಟ್ಟಿಗೂ ನಡುವಿನ ಅಂತರ ವೀಲ್ ಮೇಲೆ ಹೋದರೂ ಕೆಳಗೆ ಬಂದರೂ ಬದಲಾಗುವುದಿಲ್ಲ. ನಿಂತ ಕಾರಿನಲ್ಲಿ ಅಳೆದದ್ದೇ ನಿಜ. ಕನಿಷ್ಠ 5 ಮಿ.ಮೀ. ಉಳಿಸಿಕೊಳ್ಳಿ. ಬಹಳ ಜನ ಎಡವುವುದು ಕ್ಯಾಂಬರ್ ವಿಷಯದಲ್ಲಿ. ಸ್ಟ್ರಟ್ಟಿನ ಕೆಳಗಿನ ಕ್ಯಾಂಬರ್ ಬೋಲ್ಟ್‌ನಿಂದ ನೆಗೆಟಿವ್ ಕ್ಯಾಂಬರ್ ಕೊಟ್ಟರೆ ಟೈರಿನ ತಲೆ ಸ್ಟ್ರಟ್ ಕಡೆಗೇ ವಾಲುತ್ತದೆ, ಅಂದರೆ ಒಳಗಿನ ಅಂತರ ಕರಗುತ್ತದೆ. ಮೇಲಿನ ಕ್ಯಾಂಬರ್ ಪ್ಲೇಟ್‌ನಲ್ಲಿ ಕೊಟ್ಟರೆ ಸ್ಟ್ರಟ್ ಮತ್ತು ಟೈರು ಒಟ್ಟಿಗೆ ವಾಲುತ್ತವೆ, ಆ ಅಂತರ ಹಾಗೇ ಉಳಿದು ಹೊರಗಡೆ ಫೆಂಡರ್ ಹತ್ತಿರ ಜಾಗ ಸಿಗುತ್ತದೆ. ಅಗಲ ಟೈರು ಹಾಕುವವರು ಬೇರೆ ಯಾವ ಭಾಗಕ್ಕಿಂತ ಮೊದಲು ಕ್ಯಾಂಬರ್ ಪ್ಲೇಟಿಗೆ ದುಡ್ಡು ಹಾಕಲಿ ಎನ್ನುವುದು ಇದಕ್ಕೇ. ಕಾಯ್ಲೋವರ್‌ಗಳಲ್ಲಿ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಡ್ಯಾಂಪರ್ ಜೋಡಿ) ಸ್ಪ್ರಿಂಗ್ ಸಣ್ಣ ವ್ಯಾಸದ್ದಾದ್ದರಿಂದ ಕಾರ್ಖಾನೆ ಸ್ಟ್ರಟ್ಟಿನ ಅಗಲ ತಟ್ಟೆ ಇರುವುದಿಲ್ಲ, ಅಲ್ಲೂ ಸ್ವಲ್ಪ ಜಾಗ ಬರುತ್ತದೆ.

ಕ್ಯಾಂಬರ್ ಒಂದು ಡಿಗ್ರಿ ಹೆಚ್ಚಾದರೆ ಎಷ್ಟು ಲಾಭ? ಸುಮಾರು 634 ಮಿ.ಮೀ. ವ್ಯಾಸದ ಟೈರಿನಲ್ಲಿ ಹಬ್‌ನ ನಡುವಿಗೆ ಹೋಲಿಸಿದರೆ ಟೈರಿನ ನೆತ್ತಿ 5.5 ಮಿ.ಮೀ. ಒಳಗೆ ಬರುತ್ತದೆ. ಮೈನಸ್ 1ರಿಂದ ಮೈನಸ್ 2.5ಕ್ಕೆ ಹೋದರೆ 8 ಮಿ.ಮೀ. ಮೇಲಿನ ಇಟಿ 35 ಲೆಕ್ಕದಲ್ಲಿ 22.7 ಹೊರಗೆ ಬಂದದ್ದು ನೆತ್ತಿಯಲ್ಲಿ 15ಕ್ಕೆ ಇಳಿಯುತ್ತದೆ.

ಹೊರಗಡೆಯದು ನಿಜವಾದ ತಲೆನೋವು, ಯಾಕಂದರೆ ಇಲ್ಲಿ ನಿಂತ ಕಾರಿನ ಅಳತೆಗೆ ಅರ್ಥವಿಲ್ಲ. ಒಂದು ತಪ್ಪು ತಿಳಿವಳಿಕೆ ಎಷ್ಟು ಆಳಕ್ಕೆ ಹೋಗಿದೆ ಅಂದರೆ, ಅನುಭವಸ್ಥರೂ ಅದನ್ನೇ ಹೇಳುತ್ತಾರೆ: ಕಾರು ಇಳಿಸಿದ್ದಕ್ಕೆ ಟೈರು ತಾಗುತ್ತದೆ ಅಂತ. ಟೈರು ಫೆಂಡರ್ ಒಳಗೆ ಎಷ್ಟು ಮೇಲೆ ಹೋಗಬಲ್ಲದು ಅನ್ನುವುದನ್ನು ತೀರ್ಮಾನಿಸುವುದು ಕಾರಿನ ಎತ್ತರ ಅಲ್ಲ, ಡ್ಯಾಂಪರ್ ಮತ್ತು ಅದರ ಬಂಪ್ ಸ್ಟಾಪ್ (ಚಲನೆಯ ಕೊನೆಯಲ್ಲಿ ತಡೆಯುವ ಮೆತ್ತನೆ ತುಂಡು). ಮೇಲ್ಮುಖ ಚಲನೆ 80 ಮಿ.ಮೀ. ಇದ್ದ ಕಾರನ್ನು ಅದೇ ಡ್ಯಾಂಪರ್ ಇಟ್ಟುಕೊಂಡು 35 ಇಳಿಸಿದರೆ 45 ಉಳಿಯುತ್ತದೆ, ಆದರೆ ಕೊನೆಯ ಮೆಟ್ಟಿಲು ಮೊದಲಿದ್ದಲ್ಲೇ ಇರುತ್ತದೆ. ಬದಲಾಗುವುದು ಅಲ್ಲಿಗೆ ಎಷ್ಟು ಸಲ ಹೋಗುತ್ತದೆ ಎಂಬುದು. ಗಿಡ್ಡ ದೇಹದ ಕಾಯ್ಲೋವರ್ ಹಾಕಿದಾಗ, ಅಥವಾ ಬಂಪ್ ಸ್ಟಾಪ್ ಕತ್ತರಿಸಿದಾಗ, ಆ ಕೊನೆಯ ಮೆಟ್ಟಿಲೇ ಮೇಲಕ್ಕೆ ಸರಿಯುತ್ತದೆ. ಫೆಂಡರ್ ತಿನ್ನಲು ಶುರುವಾಗುವುದು ಆಗ.

ಅದನ್ನು ಪರೀಕ್ಷಿಸುವುದು ಹೀಗೆ. ಕಾರನ್ನು ಸ್ಟ್ಯಾಂಡ್‌ಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಡ್ಯಾಂಪರ್ ಹೊರತೆಗೆದು ಸ್ಪ್ರಿಂಗ್ ಬಿಚ್ಚಿ, ಬಂಪ್ ಸ್ಟಾಪ್ ಮತ್ತು ಟಾಪ್ ಮೌಂಟ್ ಸಮೇತ ಡ್ಯಾಂಪರನ್ನು ವಾಪಸ್ ಹಾಕಿ. (ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಕಾರ್ಖಾನೆ ಸ್ಟ್ರಟ್ಟಿನ ಮೇಲಿನ ನಟ್ ಬಿಚ್ಚಲು ಹೋಗಬೇಡಿ, ಅದು ಮುಖಕ್ಕೆ ಹಾರುವ ವಸ್ತು.) ಆಂಟಿ ರೋಲ್ ಬಾರ್‌ನ (ಎಡ ಬಲ ವೀಲ್‌ಗಳ ನಡುವೆ ಇದ್ದು ಕಾರು ವಾಲುವುದನ್ನು ತಡೆಯುವ ಸರಳು) ಲಿಂಕ್ ಒಂದು ತುದಿ ಬಿಚ್ಚಿಡಿ, ಇಲ್ಲದಿದ್ದರೆ ಒಂದೇ ವೀಲ್ ಮೇಲೆ ಬರುವುದಿಲ್ಲ. ವೀಲ್ ಹಾಕಿ, ಕೆಳಗಿನ ಆರ್ಮ್‌ಗೆ ಜ್ಯಾಕ್ ಕೊಟ್ಟು ಹತ್ತತ್ತು ಮಿ.ಮೀ. ಎತ್ತುತ್ತಾ ಹೋಗಿ. ಪ್ರತಿ ಹಂತದಲ್ಲೂ ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ. ಪಾಲಿಯುರೆಥೇನ್ ಬಂಪ್ ಸ್ಟಾಪ್ ರಸ್ತೆಯ ಹೊಡೆತಕ್ಕೆ ಅರ್ಧಕ್ಕಿಂತ ಚಿಕ್ಕದಾಗಿ ಹಿಸುಕುತ್ತದೆ. ಜ್ಯಾಕ್ ಅಷ್ಟು ಹಿಸುಕುವ ಮೊದಲೇ ಕಾರು ಸ್ಟ್ಯಾಂಡ್ ಬಿಟ್ಟು ಏಳಬಹುದು. ಹಾಗಾಗಿ ಪರೀಕ್ಷೆಗೆ ಮಾತ್ರ ಹಳೆಯದೊಂದನ್ನು ಮೂರನೇ ಒಂದು ಭಾಗಕ್ಕೆ ಕತ್ತರಿಸಿ ಹಾಕಿಕೊಳ್ಳಿ. ತಾಗುವ ಅನುಮಾನ ಇರುವಲ್ಲಿ ಮಕ್ಕಳಾಡುವ ಜೇಡಿ ಮೆತ್ತಿ, ಉಳಿದ ದಪ್ಪ ಅಳೆಯಿರಿ. 5ರಿಂದ 8 ಮಿ.ಮೀ. ಇದ್ದರೆ ನಿಶ್ಚಿಂತೆ, ಯಾಕಂದರೆ ಓಡುವಾಗ ಬುಶ್‌ಗಳೂ ಟೈರೂ ಬಾಗುತ್ತವೆ.

ಎಲ್ಲಿ ನೋಡಬೇಕು? ಎಲ್ಲರೂ ಫೆಂಡರಿನ ನೆತ್ತಿ ನೋಡುತ್ತಾರೆ. ಮೊದಲು ತಾಗುವುದು ಸಾಮಾನ್ಯವಾಗಿ ಬಂಪರ್ ಮತ್ತು ಫೆಂಡರ್ ಸೇರುವ ಕಡೆಯ ಸ್ಕ್ರೂ ಹಾಗೂ ಅದರ ಕಿವಿ, ಆಮೇಲೆ ಲೈನರ್ (ಫೆಂಡರ್ ಒಳಗಿನ ಪ್ಲಾಸ್ಟಿಕ್ ಹೊದಿಕೆ). ಪೂರ್ತಿ ತಿರುಗಿಸಿದಾಗ ಒಳಗಿನ ಅಂಚು ಆಂಟಿ ರೋಲ್ ಬಾರಿಗೋ ಚಾಸಿಗೋ ಉಜ್ಜುತ್ತದೆ. ಬ್ರೇಕ್ ಕ್ಯಾಲಿಪರ್ ಬೇರೆಯದೇ ಲೆಕ್ಕ: ಇಟಿ ಸರಿ ಇದ್ದರೂ ಸ್ಪೋಕ್ ಆಕಾರ ಚಪ್ಪಟೆ ಆಗಿದ್ದರೆ ತಾಗಬಹುದು, 3 ಮಿ.ಮೀ. ಆದರೂ ಇರಲಿ.

ಕೊನೆಯ 10 ಮಿ.ಮೀ.ನಲ್ಲಿ ಮಾತ್ರ ತಾಗುತ್ತಿದ್ದರೆ ಫೆಂಡರಿಗೆ ಕೈ ಹಚ್ಚುವ ಮೊದಲು ಡ್ಯಾಂಪರ್ ರಾಡಿಗೆ ಬಂಪ್ ಸ್ಟಾಪ್ ಪ್ಯಾಕರ್ (ತೆಳು ಬಿಲ್ಲೆ) ಹಾಕಿ. ಬಂಪ್ ಸ್ಟಾಪ್ ಅಷ್ಟು ಬೇಗ ಹಿಡಿದುಕೊಳ್ಳುತ್ತದೆ. ಆದರೆ ಉಳಿದ ಚಲನೆ ತೀರಾ ಕಡಿಮೆ ಆದರೆ ತಿರುವಿನಲ್ಲಿ ವಾಲಿದ ತಕ್ಷಣ ಕಾರು ಬಂಪ್ ಸ್ಟಾಪ್ ಮೇಲೆ ಕೂತು, ಆ ಆಕ್ಸಲ್‌ನ ಗಡಸುತನ ಒಮ್ಮೆಲೇ ಏರಿ ಹಿಡಿತ ತಪ್ಪುತ್ತದೆ. ಆಗ ಪರಿಹಾರ ಎತ್ತರ ಹೆಚ್ಚಿಸುವುದು ಅಥವಾ ಗಡಸು ಸ್ಪ್ರಿಂಗ್. ಎತ್ತರಿಸಿದರೆ ಇನ್ನೊಂದು ಲಾಭವೂ ಇದೆ. ಮ್ಯಾಕ್‌ಫರ್ಸನ್ ಕಾರು ತೀರಾ ಇಳಿದು ಕೆಳಗಿನ ಆರ್ಮ್ ಹೊರತುದಿಯಲ್ಲಿ ಮೇಲ್ಮುಖವಾದರೆ, ಸಸ್ಪೆನ್ಷನ್ ಕುಗ್ಗುವಾಗ ಸಿಗುವ ಕ್ಯಾಂಬರ್ ಕಡಿಮೆಯಾಗುತ್ತದೆ, ರೋಲ್ ಸೆಂಟರ್ (ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರಿನ ಭಾರಕೇಂದ್ರಕ್ಕಿಂತ ಹೆಚ್ಚು ಕೆಳಗೆ ಬೀಳುತ್ತದೆ, ಕಾರು ವಾಲುವುದು ಜಾಸ್ತಿಯಾಗುತ್ತದೆ. ತಗ್ಗಿಸಿದ್ದು ಯಾವುದಕ್ಕೋ ಅದೇ ಉಲ್ಟಾ.

ಟೈರಿನ ಅಳತೆ. 225/45 ಆರ್17 (225 ಮಿ.ಮೀ. ಅಗಲ, ಬದಿಯ ಎತ್ತರ ಅದರ ಶೇಕಡಾ 45, ರಿಮ್ 17 ಇಂಚು) ವ್ಯಾಸ 634 ಮಿ.ಮೀ. 245/40 ಆರ್17 ಹಾಕಿದರೆ 628, ಒಂದು ಶೇಕಡಾ ಚಿಕ್ಕದು. 255/40 ಆರ್17 ಆದರೆ 636. ಎತ್ತರದಲ್ಲಿ ಜಾಗ ಕಡಿಮೆ ಇರುವ ತಗ್ಗಿದ ಕಾರಿಗೆ 245 ಚೆನ್ನ. 9 ಇಂಚಿನ ವೀಲ್‌ಗೆ ಮೊದಲಿನ 225 ಎಳೆದು ಕೂರಿಸುವ ಹುಚ್ಚು ನನಗೆ ಅರ್ಥವಾಗಿಲ್ಲ: ಆ ಟೈರಿಗೆ ಹೇಳಿರುವುದು 7ರಿಂದ 8.5 ಇಂಚು ಮಾತ್ರ, ಬೀಡ್ ಹಿಡಿತ ಹೋಗುತ್ತದೆ, ರಿಮ್ ಅಂಚಿಗೆ ರಕ್ಷಣೆ ಇಲ್ಲ, ಅಗಲ ವೀಲ್ ತಂದ ಉದ್ದೇಶವೇ ಹಾಳು. ಒಂದೇ ಅಂಕಿಯ ಎರಡು ಕಂಪನಿಯ ಟೈರುಗಳ ನಿಜವಾದ ಅಗಲದಲ್ಲಿ 5ರಿಂದ 10 ಮಿ.ಮೀ. ವ್ಯತ್ಯಾಸ ಸಾಮಾನ್ಯ. ಫೆಂಡರಿಗೆ ತಾಗುವುದು ಟೈರಿನ ಹೊಟ್ಟೆಗಿಂತ ಹೆಚ್ಚಾಗಿ ಭುಜ. ಟ್ರ್ಯಾಕ್‌ಗೆ ಮಾಡಿದ ಟೈರುಗಳ ಭುಜ ಚೌಕವಾಗಿರುವುದರಿಂದ ಅವಕ್ಕೆ ಇನ್ನೂ ಜಾಗ ಬೇಕು. ಲೋಡ್ ಇಂಡೆಕ್ಸ್ ಹಳೆಯದಕ್ಕಿಂತ ಕಡಿಮೆ ಇರಬಾರದು (91 ಎಂದರೆ 615 ಕಿಲೊ, 94 ಎಂದರೆ 670). ಮಳೆಯಲ್ಲಿ ಅಗಲ ಟೈರು ನೀರಿನ ಮೇಲೆ ಬೇಗ ತೇಲುತ್ತದೆ ಅನ್ನುವುದನ್ನು ಮಾರುವವರು ಹೇಳುವುದಿಲ್ಲ.

ಸ್ಪೇಸರ್ (ಹಬ್‌ಗೂ ವೀಲ್‌ಗೂ ನಡುವೆ ಹಾಕುವ ಬಿಲ್ಲೆ) ಬಗ್ಗೆ ಚಿಕ್ಕದಾಗಿ. ತಪ್ಪು ಇಟಿಯ ವೀಲ್ ಕೊಂಡು ಸ್ಪೇಸರ್‌ನಲ್ಲಿ ಸರಿಮಾಡುವುದು ನನಗೆ ಒಪ್ಪಿಗೆಯಿಲ್ಲ. ಹಾಕಲೇಬೇಕಿದ್ದರೆ ಹಬ್‌ನ ತುಟಿಯ ಮೇಲೆ ಕೂರುವಂಥದ್ದೇ ಹಾಕಿ, ಉದ್ದನೆಯ ಸ್ಟಡ್ ಅಥವಾ ಬೋಲ್ಟ್ ಜೊತೆಗೆ. ಎಂ12 x 1.5 ಸ್ಟಡ್ ಆದರೆ ನಟ್ ಕನಿಷ್ಠ 8 ಪೂರ್ತಿ ಸುತ್ತು ಹಿಡಿಯಬೇಕು. ಹೊಸ ವೀಲ್‌ಗಳ ನಡುರಂಧ್ರ ಹಲವು ಸಲ 73.1 ಮಿ.ಮೀ. ಇರುತ್ತದೆ, ನಿಮ್ಮ ಹಬ್ 57.1 ಇರಬಹುದು, 64.1 ಇರಬಹುದು, ಸರಿಯಾದ ರಿಂಗ್ ಇಲ್ಲದಿದ್ದರೆ ವೀಲ್ ನಡುವಿಗೆ ಕೂರದೆ ಹೈವೇ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ನಟ್‌ನ ಸೀಟ್ ಗೋಲಾಕಾರವೋ 60 ಡಿಗ್ರಿ ಶಂಕುವೋ ನೋಡಿಕೊಳ್ಳಿ, ಇವೆರಡೂ ಅದಲು ಬದಲಾದರೆ ನಟ್ ಸಡಿಲವಾಗುತ್ತದೆ. ಇಟಿ ಕಡಿಮೆ ಮಾಡಿದಷ್ಟೂ ಸ್ಕ್ರಬ್ ರೇಡಿಯಸ್ (ವೀಲ್ ತಿರುಗುವ ಅಕ್ಷ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುವಿಗೂ ಇರುವ ದೂರ) ಅಷ್ಟೇ ಬದಲಾಗುತ್ತದೆ: ರಸ್ತೆಯ ಗೆರೆಗುಂಟ ಸ್ಟೀರಿಂಗ್ ಎಳೆಯುತ್ತದೆ, ಬೇರಿಂಗ್ ಮೇಲೆ ಭಾರ ಏರುತ್ತದೆ.

ಇಷ್ಟಾದರೂ ತಾಗಿದರೆ ಫೆಂಡರ್ ಮಡಚುವುದು. ಒಳ ತುಟಿ ಸಾಮಾನ್ಯವಾಗಿ 10ರಿಂದ 15 ಮಿ.ಮೀ. ಇರುತ್ತದೆ. ಹಬ್‌ಗೆ ಬೋಲ್ಟ್ ಮಾಡುವ ರೋಲರ್ ತಂದು, ಹೀಟ್ ಗನ್‌ನಲ್ಲಿ ಬಣ್ಣ ಬೆಚ್ಚಗೆ ಮಾಡಿ, ಒಂದೇ ಸಲಕ್ಕೆ ಅಲ್ಲ, ಸ್ವಲ್ಪ ಸ್ವಲ್ಪವೇ ಒತ್ತಡ ಏರಿಸುತ್ತಾ ಹತ್ತಾರು ಬಾರಿ ಉರುಳಿಸಿ. ತಣ್ಣಗಿರುವಾಗ ಮಾಡಿದರೆ ಬಣ್ಣ ಸೀಳುತ್ತದೆ. ಹಿಂದಿನ ಫೆಂಡರ್‌ನಲ್ಲಿ ಎರಡು ತಗಡು ಸೇರಿರುವುದರಿಂದ ನಡುವಿನ ಸೀಲರ್ ಒಡೆದು ನೀರು ಹೊಕ್ಕು ತುಕ್ಕು ಹಿಡಿಯುತ್ತದೆ. ಮಡಚಿದ ಮೇಲೆ ಸೀಲರ್ ಹಚ್ಚುವುದು ಆಯ್ಕೆಯಲ್ಲ, ಕಡ್ಡಾಯ.

ಅಲೈನ್‌ಮೆಂಟ್ ಕೊನೆಗೆ, ಎತ್ತರ ನಿಗದಿಯಾದ ಮೇಲೆ. ಎತ್ತರ ಬದಲಿಸಿದರೆ ಟೋ (ಮೇಲಿನಿಂದ ನೋಡಿದಾಗ ವೀಲಿನ ಮುಂತುದಿ ಒಳಗೋ ಹೊರಗೋ ತಿರುಗಿರುವುದು) ಕೂಡ ಬದಲಾಗುತ್ತದೆ. ಒಳ ಅಂಚು ಸವೆದರೆ ಎಲ್ಲರೂ ಕ್ಯಾಂಬರನ್ನು ಬೈಯುತ್ತಾರೆ, ನಿಜವಾದ ಅಪರಾಧಿ ಬಹುಪಾಲು ಟೋ ಔಟ್. ಎತ್ತರವನ್ನು ನೆಲದಿಂದ ಅಳೆಯಬೇಡಿ, ಹಬ್‌ನ ನಡುವಿನಿಂದ ಫೆಂಡರ್ ಅಂಚಿಗೆ ಅಳೆಯಿರಿ, ಟೈರು ಬದಲಾದರೂ ಆ ಅಂಕಿ ಬದಲಾಗುವುದಿಲ್ಲ. 80ರಿಂದ 100 ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚ್ ಹಿಡಿದು ನಟ್‌ಗಳನ್ನು ಮತ್ತೆ ಬಿಗಿ ನೋಡಿ, ವೀಲ್ ಬಿಚ್ಚಿ ಲೈನರ್ ಮೇಲೆ ಹೊಳೆಯುವ ಉಜ್ಜು ಗುರುತು ಇದೆಯಾ ಹುಡುಕಿ. ಪ್ಲಾಸ್ಟಿಕ್ ಮೇಲೆ ಗುರುತು ಇದ್ದರೆ ಹೀಟ್ ಗನ್‌ನಲ್ಲಿ ಒಳಗೆ ತಳ್ಳಿದರೆ ಸಾಕು. ಟೈರಿನ ಭುಜದಲ್ಲಿ ಸುತ್ತಲೂ ಕೊಯ್ದ ಗೆರೆ ಇದ್ದರೆ ಆ ಟೈರಿನಲ್ಲಿ ಮುಂದೆ ಓಡಿಸಬೇಡಿ.